ದೃಶ್ಯಗಳಿಗೆ ಗುರುತು ಹಚ್ಚುವ ಉದ್ಯೋಗ ಮತ್ತು ಅಚೌರ್ಯಾಣುವ್ರತ

ಗಂಗಾವತಿಯ ಭತ್ತದ ಪೇಟೆಯಲ್ಲಿ ತೂಕ ತಪ್ಪಿದರೆ ನಷ್ಟ ಯಾರದೆಂಬುದು ಕೂಡಲೇ ಗೊತ್ತಾಗುತ್ತದೆ. ಮನೆಯಲ್ಲಿ ಗಣಕಯಂತ್ರದ ಮುಂದೆ ಕುಳಿತು ಚಲನಚಿತ್ರದ ತುಣುಕುಗಳಿಗೆ 'ಸಮೀಪದ ನೋಟ', 'ದೂರದ ನೋಟ', 'ಕ್ಯಾಮೆರಾ ನಿಂತಿದೆ' ಎಂದು ಗುರುತು ಹಚ್ಚುವ ಉದ್ಯೋಗದಲ್ಲಿ ಹಾಗಲ್ಲ. ಆ ಗುರುತುಗಳಿಂದ ಯಂತ್ರವು ನೋಡಲು ಕಲಿಯುತ್ತದೆ. 2020ರಲ್ಲಿ ಪ್ರಕಟವಾದ ಮೂವಿನೆಟ್ ಸಂಗ್ರಹದಲ್ಲಿ 1,100 ಚಲನಚಿತ್ರಗಳಿವೆ. ನೋಟದ ಬಗೆ, ಕ್ಯಾಮೆರಾದ ಚಲನೆಗಳ ಗುರುತುಗಳೇ ಸುಮಾರು 92,000. ಇಂತಹ ಕೆಲಸಕ್ಕೆ ಬಹುಮಟ್ಟಿಗೆ ತುಣುಕಿನ ಲೆಕ್ಕದ ಕೂಲಿ; ಕೊಳ್ಳುವವನ ಮುಖ ಕಾಣದು.

ಕುಷ್ಟಗಿಯಲ್ಲಿಯೋ ಯಲಬುರ್ಗಾದಲ್ಲಿಯೋ ಶ್ರಾವಕ ಕುಟುಂಬದ ತರುಣಿಯೊಬ್ಬಳು ಈ ಕೆಲಸ ಹಿಡಿದಳೆಂದು ಭಾವಿಸಬಹುದು. ಸಿನಿಮಾ ನೋಡುವುದು ಯೋಗ್ಯವೇ ಎಂಬುದು ಹಿರಿಯರ ಮೊದಲ ಆಕ್ಷೇಪ. ಕೊಲೆಯ ದೃಶ್ಯವನ್ನು ನೂರು ಬಾರಿ ನೋಡಿದ ಮನಸ್ಸು ಒರಟಾಗದಿರುವುದು ಕಠಿಣವೇ. ಆದರೆ ಗಹನವಾದ ಪ್ರಶ್ನೆ ಬೇರೆಯಿದೆ.

ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾತಿ ಆಚಾರ್ಯರು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಹೀನಾಧಿಕಮಾನೋನ್ಮಾನವೆಂದರೆ ತೂಕ-ಅಳತೆಗಳ ಮೋಸ. ಬೇಗ ಮುಗಿಸುವ ಆಸೆಯಿಂದ, ದೃಶ್ಯವನ್ನು ನೋಡದೆಯೇ ಹಚ್ಚಿದ ಗುರುತು ಸುಳ್ಳು ತೂಕದ ಕಲ್ಲೇ ಸರಿ. ತದಾಹೃತಾದಾನ, ಅಂದರೆ ಕದ್ದ ಸರಕನ್ನು ಸ್ವೀಕರಿಸುವುದು, ಅಷ್ಟು ಸರಳವಲ್ಲ. ಚಿತ್ರದ ಒಡೆಯರ ಅನುಮತಿ ಪಡೆದು ತುಣುಕುಗಳನ್ನು ತಂದರೋ ಇಲ್ಲವೋ, ಅವಳಿಗೆ ಯಾರೂ ತಿಳಿಸುವುದಿಲ್ಲ. ತಿಳಿಯದೆ ಕೊಂಡರೆ ದೋಷವಿಲ್ಲವೆಂದು ವ್ಯಾಪಾರಿಗಳು ಸಮಾಧಾನ ಮಾಡಿಕೊಳ್ಳುವುದುಂಟು. ಅದೇ ಸೂತ್ರಕಾರರು ಹಿಂಸೆಯ ಲಕ್ಷಣದಲ್ಲಿಯೇ ಪ್ರಮಾದವನ್ನು ಸೇರಿಸಿದ್ದಾರೆ. ಕೇಳಬಹುದಾದದ್ದನ್ನು ಕೇಳದಿರುವುದೂ ಪ್ರಮಾದವಲ್ಲವೇ? ಒಮ್ಮೆ ವಿಚಾರಿಸುವಷ್ಟು ಅವಳ ಕೈಯಲ್ಲಿದೆ. ಉತ್ತರ ಬಾರದಿದ್ದರೆ ಕೆಲಸ ಬಿಡಬೇಕೆನ್ನುವವರು ಆ ಮನೆಯ ಬಾಡಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ದೋಷವನ್ನೆಲ್ಲ ಕೂಲಿಯವಳ ತಲೆಗೆ ಕಟ್ಟುವುದು ಅನ್ಯಾಯ. 2005ರಲ್ಲಿ ಆರಂಭವಾದ ಅಮೆಜಾನ್‌ನ ಮೆಕ್ಯಾನಿಕಲ್ ಟರ್ಕ್‌ನಲ್ಲಿ ಕೆಲಸ ಕೊಟ್ಟವನು ಮುಗಿದ ಕೆಲಸವನ್ನು ತಿರಸ್ಕರಿಸಿ ಕೂಲಿ ಕೊಡದಿರಬಹುದು. ಆ ತಕ್ಕಡಿಯನ್ನು ಯಾರು ಪರೀಕ್ಷಿಸುತ್ತಾರೆ? ಬೇರೆ ದಾರಿಯೂ ಇಲ್ಲದಿಲ್ಲ. ಬೆಂಗಳೂರಿನ 'ಕಾರ್ಯ' ಸಂಸ್ಥೆಯು ಕರ್ನಾಟಕದ ಹಳ್ಳಿಗಳಲ್ಲಿ ಇಂತಹುದೇ ಉದ್ದೇಶಕ್ಕೆ ಕನ್ನಡದ ಧ್ವನಿಯನ್ನು ಸಂಗ್ರಹಿಸುತ್ತಿದ್ದಾಗ, 2023ರ ವರದಿಯಂತೆ, ಗಂಟೆಗೆ ಸುಮಾರು 5 ಡಾಲರ್ ಕೊಟ್ಟಿತು. ಸಂಗ್ರಹವು ಮತ್ತೆ ಮಾರಾಟವಾದರೆ ಓದಿದವರಿಗೂ ಪಾಲು ಎಂದು ಒಪ್ಪಿತು.

ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳನ್ನೆಣಿಸುವಾಗ ನ್ಯಾಯದಿಂದ ಗಳಿಸಿದ ಧನವನ್ನು ಮೊದಲಿಗೇ ಇರಿಸಿದ್ದಾರೆ. ಈ ತರುಣಿ ತನ್ನ ಗಳಿಕೆಯಿಂದ ಬಸದಿಯ ಜೀರ್ಣೋದ್ಧಾರಕ್ಕೆ ದಾನ ಕೊಟ್ಟರೆ ಟ್ರಸ್ಟಿನವರು ಅದರ ಮೂಲವನ್ನು ವಿಚಾರಿಸಬಹುದು. ಆದರೆ ಅದೇ ರಸೀದಿ ಪುಸ್ತಕದಲ್ಲಿ ಹಿಂದಿನ ಹಾಳೆಗಳಿವೆ. ಅಲ್ಲಿ ಪೇಟೆಯ ದೊಡ್ಡ ಅಂಗಡಿಗಳ ಹೆಸರುಗಳಿವೆ, ಅವರನ್ನು ಯಾರೂ ಏನನ್ನೂ ಕೇಳಿದಂತಿಲ್ಲ.