ಇಂದಿನ ಧಮ್ಮ ಚಿಂತನೆ: ಸಭೆಗೆ ಬಾರದವರ ಒಪ್ಪಿಗೆ



2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರು, ಮೈಸೂರಿನ ಕಂಪನಿಗಳಲ್ಲಿದ್ದ ನಮ್ಮ ಮಕ್ಕಳು ಲ್ಯಾಪ್‌ಟಾಪ್ ಹಿಡಿದು ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಊರುಗಳಿಗೆ ಮರಳಿದರು. ಅಲ್ಲಿಂದೀಚೆಗೆ ಕೆಲವು ದಿನ ಕಚೇರಿ, ಕೆಲವು ದಿನ ಮನೆ ಎಂಬ ಪದ್ಧತಿ ನೆಲೆಯೂರಿದೆ. ಇದನ್ನೇ ಹೈಬ್ರಿಡ್ ಎನ್ನುತ್ತಾರೆ. 2025ರ ಮಾರ್ಚ್‌ನಿಂದ ಇನ್ಫೋಸಿಸ್ ತನ್ನ ಹಲವು ಉದ್ಯೋಗಿಗಳಿಗೆ ತಿಂಗಳಿಗೆ 10 ದಿನ ಕಚೇರಿ ಕಡ್ಡಾಯ ಮಾಡಿತು. ಉಳಿದ ದಿನ ಮನೆಯಿಂದ ಕೆಲಸ ಮಾಡಬಹುದು.

ಇಂಥ ಕೆಲಸದಲ್ಲಿ ಒಂದು ಸಭೆ ಹೇಗಿರುತ್ತದೆ ನೋಡಿ. ಆರು ಜನ ಕೋಣೆಯಲ್ಲಿ, ಇಬ್ಬರು ಪರದೆಯ ಮೇಲೆ. ಸಭೆ ಮುಗಿದ ಮೇಲೆ ಕೋಣೆಯಲ್ಲಿದ್ದವರು ಟೀ ಕುಡಿಯುತ್ತಾ ಎಲ್ಲವನ್ನೂ ತೀರ್ಮಾನಿಸುತ್ತಾರೆ. ಹಳ್ಳಿಯಲ್ಲಿ ನೆಟ್‌ವರ್ಕ್ ಸಿಗದೆ ಕೂತ ಹುಡುಗಿಗೆ ಮರುದಿನ ಮೇಲ್ ಬರುತ್ತದೆ. ಆಕೆಯನ್ನು ಯಾರೂ ಹೊರಗೆ ಹಾಕಲಿಲ್ಲ, ಆದರೂ ಆಕೆ ಹೊರಗುಳಿದಳು. ದೂರ ನಿಂತು ಬೇರೆಯವರ ತೀರ್ಮಾನ ಕೇಳಿಸಿಕೊಳ್ಳುವುದು ಎಂದರೇನು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಊರ ನ್ಯಾಯ ಜಗಲಿಯ ಮೇಲೆ ನಡೆಯುವಾಗ ನಮ್ಮ ಹಿರಿಯರು ಅಂಗಳದಾಚೆ ನಿಂತವರು.

ದೂರದಲ್ಲಿರುವವರ ಮಾತನ್ನು ಸಭೆಗೆ ತಲುಪಿಸುವ ಹೊಣೆ ಯಾರದು?

ವಿನಯ ಪಿಟಕದ ಮಹಾವಗ್ಗದಲ್ಲಿ ಇದಕ್ಕೆ ಉತ್ತರವಿದೆ. ಹದಿನೈದು ದಿನಕ್ಕೊಮ್ಮೆ ಭಿಕ್ಖುಗಳು ಉಪೋಸಥಕ್ಕೆ ಸೇರಬೇಕು. ಕಾಯಿಲೆ ಬಿದ್ದ ಭಿಕ್ಖು ತನ್ನ ಪಾರಿಶುದ್ಧಿಯನ್ನು ಇನ್ನೊಬ್ಬರ ಮೂಲಕ ಹೇಳಿ ಕಳಿಸಬಹುದು. ಸಂಘದ ಬೇರೆ ಕಾರ್ಯಗಳಿಗೆ ಒಪ್ಪಿಗೆಯನ್ನೂ ಹೀಗೆ ಕಳಿಸಬಹುದು. ಅದಕ್ಕೆ 'ಛಂದ' ಎಂದು ಹೆಸರು. ಹೇಳಿ ಕಳಿಸಲು ಆಗದಿದ್ದರೆ ಅವರನ್ನು ಮಂಚದ ಸಮೇತ ಸಭೆಗೆ ಹೊತ್ತು ತರಬೇಕು. ಕದಲಿಸಿದರೆ ಕಾಯಿಲೆ ಹೆಚ್ಚುವಂತಿದ್ದರೆ ಸಂಘವೇ ಅವರಿದ್ದಲ್ಲಿಗೆ ಹೋಗಬೇಕು. ಅಪೂರ್ಣ ಸಂಘ ಉಪೋಸಥ ಮಾಡುವಂತಿಲ್ಲ. ಸಂದೇಶ ತಂದವರು ಬೇಕೆಂದೇ ಅದನ್ನು ಹೇಳದೆ ಮುಚ್ಚಿಟ್ಟರೆ ತಪ್ಪು ಅವರದೇ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ನೆನಪಿಸಿದ್ದು ಈ ಸಂಘಗಳನ್ನೇ. ಆಸನ ವ್ಯವಸ್ಥೆ, ನಿರ್ಣಯ, ಕೋರಂ, ಮತ ಎಣಿಕೆ ಎಲ್ಲಕ್ಕೂ ಅಲ್ಲಿ ನಿಯಮವಿತ್ತು ಎಂದರು.

'ಎಲ್ಲರಿಗೂ ಕಾಯುತ್ತಾ ಕೂತರೆ ಕೆಲಸ ಸಾಗುವುದು ಹೇಗೆ?' ಎಂದು ತಂಡದ ಮುಖ್ಯಸ್ಥರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಎಲ್ಲರೂ ಎದುರಿಗೇ ಕೂರಬೇಕೆಂದು ವಿನಯ ಹಟ ಹಿಡಿಯಲಿಲ್ಲ. *ದೇಹ ಬಾರದಿದ್ದರೂ ಮಾತು ಬರಬೇಕು.* ಅದನ್ನು ತರಿಸಿಕೊಳ್ಳುವ ಶ್ರಮ ಬಲವಿದ್ದವರದು, ಮಲಗಿದವರದಲ್ಲ. ಇಂದು ಆ ಶ್ರಮ ತುಂಬಾ ಕಡಿಮೆ: ತೀರ್ಮಾನಕ್ಕೆ ಮುಂಚೆ ಒಂದು ಫೋನ್ ಕರೆ, ಪರದೆಯಲ್ಲಿದ್ದವರಿಗೆ ಮೊದಲ ಮಾತು, ಟೀ ಹೊತ್ತಿನಲ್ಲಿ ಆಡಿದ್ದನ್ನು ಎಲ್ಲರಿಗೂ ಬರೆದು ಕಳಿಸುವುದು. ತಂತ್ರಜ್ಞಾನ ಇಷ್ಟನ್ನು ಸುಲಭ ಮಾಡಿಕೊಟ್ಟಿದೆ. ಮನಸ್ಸು ಮಾಡಬೇಕಾದವರು ನಾವು.

ಇದು ಕಂಪನಿಗಳಿಗೆ ಮಾತ್ರ ಹೇಳುವ ಬುದ್ಧಿಮಾತಲ್ಲ. ನಮ್ಮ ಸ್ವಸಹಾಯ ಸಂಘ, ವಿಹಾರದ ಸಮಿತಿ, ಜಯಂತಿಯ ಸಿದ್ಧತೆ, ಎಲ್ಲವೂ ಈಗ ವಾಟ್ಸಾಪ್‌ನಲ್ಲೇ ತೀರ್ಮಾನವಾಗುತ್ತವೆ. 'ಗ್ರೂಪಿಗೆ ಹಾಕಿದ್ದೆವಲ್ಲ' ಎನ್ನುತ್ತೇವೆ. ಕೀಪ್ಯಾಡ್ ಫೋನ್ ಹಿಡಿದ ಅಜ್ಜಿ ಆ ಗ್ರೂಪಿನಲ್ಲಿ ಇಲ್ಲ. ಹತ್ತಿ ಬಿಡಿಸಲು, ಅರಿಸಿನ ಕೀಳಲು ಹೋದ ತಾಯಂದಿರು ರಾತ್ರಿ ನೋಡುವ ಹೊತ್ತಿಗೆ ತೀರ್ಮಾನ ಆಗಿಹೋಗಿರುತ್ತದೆ.

*ಇಂದಿನ ಸಂಕಲ್ಪ:* ನಾನು ಸೇರಿ ಮಾಡುವ ಮುಂದಿನ ತೀರ್ಮಾನಕ್ಕೆ ಮೊದಲು, ಸಭೆಯಲ್ಲಿ ಇಲ್ಲದ ಒಬ್ಬರ ಮಾತನ್ನು ಕೇಳಿ ತರುತ್ತೇನೆ. ತಂದದ್ದನ್ನು ಮುಚ್ಚಿಡದೆ ಹೇಳುತ್ತೇನೆ.

ಸಾಧು, ಸಾಧು, ಸಾಧು 🙏
ಜೈ ಭೀಮ್ 💙