ಕಥೆ ಹೇಳಿದರೆ ವಿಜ್ಞಾನ ಕೆಡುತ್ತದೆಯೇ?

ವಿಜ್ಞಾನದ ಬರಹ ಹೇಗಿರಬೇಕು? ಅದರಲ್ಲಿ ಅಂಕಿ-ಅಂಶಗಳಿರಬೇಕು, ಭಾವನೆ ಇರಬಾರದು, ಬರೆದವರ ಸುಳಿವೂ ಸಿಗಬಾರದು ಎಂದು ನಾವು ಶಾಲೆಯಲ್ಲೇ ಕಲಿತಿದ್ದೇವೆ. ಪ್ರಯೋಗ ಪುಸ್ತಕದಲ್ಲಿ ‘ದ್ರಾವಣವನ್ನು ಬಿಸಿ ಮಾಡಲಾಯಿತು’ ಎಂದು ಬರೆದೆವು. ಬಿಸಿ ಮಾಡಿದವರು ಯಾರು, ಪ್ರಯೋಗ ಎಷ್ಟು ಸಲ ಕೆಟ್ಟಿತು ಎಂದು ಬರೆಯಲಿಲ್ಲ. ಕಥೆ, ವರ್ಣನೆಗಳೆಲ್ಲ ಸಾಹಿತಿಗಳ ಸೊತ್ತು, ಸತ್ಯಕ್ಕೆ ಒಣ ಭಾಷೆಯೇ ಲೇಸು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಈ ನಂಬಿಕೆ ಎಷ್ಟು ಸರಿ?

1962ರಲ್ಲಿ ಅಮೆರಿಕದ ಜೀವವಿಜ್ಞಾನಿ ರೇಚಲ್ ಕಾರ್ಸನ್ ಕೀಟನಾಶಕಗಳ ಹಾನಿಯ ಕುರಿತು ‘ಸೈಲೆಂಟ್ ಸ್ಪ್ರಿಂಗ್’ ಎಂಬ ಕೃತಿಯನ್ನು ಪ್ರಕಟಿಸಿದರು. ಅದು ಆರಂಭವಾಗುವುದೇ ಒಂದು ಕಥೆಯಿಂದ. ಸಮೃದ್ಧವಾಗಿದ್ದ ಒಂದು ಊರಿನಲ್ಲಿ ಜಾನುವಾರುಗಳು ಸಾಯುತ್ತವೆ, ಹೂವಿಗೆ ಜೇನುನೊಣ ಬರುವುದಿಲ್ಲ, ವಸಂತದಲ್ಲೂ ಹಕ್ಕಿಗಳ ದನಿ ಕೇಳಿಸುವುದಿಲ್ಲ. ಅಂಥ ಊರು ಎಲ್ಲೂ ಇರಲಿಲ್ಲ. ಇದು ವಿಜ್ಞಾನವಲ್ಲ, ಭಾವಾವೇಶ ಎಂದು ವಿರೋಧಿಗಳು ಹರಿಹಾಯ್ದರು. ಸ್ವಾರಸ್ಯವೆಂದರೆ, ರಾಸಾಯನಿಕ ಕಂಪೆನಿ ಮೊನ್ಸಾಂಟೊ ಅದಕ್ಕೆ ಉತ್ತರಿಸಿದ್ದು ಕೂಡ ಕಥೆಯಿಂದಲೇ! ಕೀಟನಾಶಕಗಳಿಲ್ಲದ ಒಂದು ವರ್ಷದಲ್ಲಿ ಕೀಟಗಳು ಇಡೀ ದೇಶವನ್ನು ಕಾಡುವ ಚಿತ್ರವನ್ನು ಅದು ತನ್ನ ಪತ್ರಿಕೆಯಲ್ಲಿ ಕಟ್ಟಿಕೊಟ್ಟಿತು.

ಹಾಗಾದರೆ ಕಾರ್ಸನ್ ಮಾಡಿದ್ದು ಸರಿಯೇ? ಸರಿ ಎಂದೇ ನಮ್ಮ ಅಭಿಪ್ರಾಯ. ಏಕೆಂದರೆ ಆ ಊರು ಕಾಲ್ಪನಿಕವೆಂದೂ, ಆದರೆ ಅಲ್ಲಿನ ಒಂದೊಂದು ಅನಾಹುತವೂ ಎಲ್ಲೋ ಒಂದು ಕಡೆ ನಿಜವಾಗಿ ನಡೆದಿದೆಯೆಂದೂ ಅದೇ ಅಧ್ಯಾಯದ ಕೊನೆಯಲ್ಲಿ ಅವರು ಸ್ಪಷ್ಟಪಡಿಸಿದರು. ಪುಸ್ತಕದ ಕೊನೆಗೆ ಐವತ್ತಕ್ಕೂ ಹೆಚ್ಚು ಪುಟಗಳಲ್ಲಿ ಆಧಾರಗಳನ್ನು ಕೊಟ್ಟರು. ಕಥೆ ಎಲ್ಲಿಗೆ ಮುಗಿಯಿತು, ಪುರಾವೆ ಎಲ್ಲಿಂದ ಆರಂಭವಾಯಿತು ಎಂಬುದನ್ನು ಓದುಗರಿಂದ ಮುಚ್ಚಿಡಲಿಲ್ಲ. 1972ರಲ್ಲಿ ಅಮೆರಿಕ ಬೆಳೆಗಳಿಗೆ ಡಿಡಿಟಿ ಬಳಸುವುದನ್ನು ನಿಷೇಧಿಸಿತು.

ಇನ್ನು ಒಣ ಭಾಷೆ ಯಾವಾಗಲೂ ಪ್ರಾಮಾಣಿಕವೇ? ನೊಬೆಲ್ ಪುರಸ್ಕೃತ ವಿಜ್ಞಾನಿ ಪೀಟರ್ ಮೆಡಾವರ್ 1963ರಲ್ಲಿ ವೈಜ್ಞಾನಿಕ ಪ್ರಬಂಧವೇ ಒಂದು ವಂಚನೆಯಲ್ಲವೇ ಎಂದು ಕೇಳಿದ್ದರು. ಅದರಲ್ಲಿನ ಸಂಗತಿಗಳು ಸುಳ್ಳೆಂಬುದು ಅವರ ಆಕ್ಷೇಪವಲ್ಲ. ವಿಜ್ಞಾನಿಯ ಊಹೆ, ಅವನ ಚಿಂತನೆ ಸಾಗಿದ ದಾರಿ ಪ್ರಬಂಧದ ಅಚ್ಚುಕಟ್ಟಾದ ರೂಪದಲ್ಲಿ ಮರೆಯಾಗುತ್ತದೆ ಎಂಬುದು ಅವರ ವಾದವಾಗಿತ್ತು.

ಕೀಟನಾಶಕದ ಈ ಪ್ರಶ್ನೆ ನಮಗೂ ದೂರದ್ದಲ್ಲ. ಕಾಸರಗೋಡಿನ ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದಾಗ ಜನರು ತಮ್ಮ ಮಕ್ಕಳ ಕಾಯಿಲೆಗಳ ಬಗ್ಗೆ ಹೇಳಿಕೊಂಡರು. ವೈಜ್ಞಾನಿಕ ಪುರಾವೆ ಎಲ್ಲಿ ಎಂಬ ಮರುಪ್ರಶ್ನೆ ಅವರಿಗೆ ಎದುರಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ಅದರ ಉತ್ಪಾದನೆ ಮತ್ತು ಬಳಕೆಯನ್ನು ತಡೆಯಿತು. ತಾಯಿಯೊಬ್ಬಳ ಮಾತೇ ಪುರಾವೆಯಾಗಲಾರದು, ನಿಜ. ಆದರೆ ಪುರಾವೆಯನ್ನು ಎಲ್ಲಿ ಹುಡುಕಬೇಕೆಂದು ತೋರಿಸುವುದು ಆ ಮಾತೇ.

ಆದ್ದರಿಂದ ಬರಹದಲ್ಲಿ ಕಥೆ ಇದೆಯೇ ಇಲ್ಲವೇ ಎಂಬುದು ಮುಖ್ಯವಲ್ಲ. ಬರೆದದ್ದನ್ನು ಪರೀಕ್ಷಿಸಿ ನೋಡುವ ದಾರಿಯನ್ನು ಲೇಖಕ ಓದುಗನಿಗೆ ತೆರೆದಿಟ್ಟಿದ್ದಾನೆಯೇ ಎಂದು ನಾವು ಕೇಳಬೇಕು. ಆ ದಾರಿ ಮುಚ್ಚಿದ್ದರೆ ಸೊಗಸಾದ ಕಥೆಯೂ ಮೋಸವೇ, ಒಣ ಅಂಕಿ-ಅಂಶವೂ ಮೋಸವೇ.