ಒಂದು ಗಳಿಗೆಯ ಬಿಡುವು

ಪರೀಕ್ಷೆ ಹತ್ತಿರ ಬಂದಂತೆ ನಮ್ಮ ಮನೆಗಳ ವಾತಾವರಣವೇ ಬದಲಾಗುತ್ತದೆ. ಎರಡನೇ ಪಿಯುಸಿ ಓದುವ ಮಗ ಸುಬ್‌ಹ್ ನಮಾಝ್ ಮುಗಿಸಿ ಪುಸ್ತಕ ಹಿಡಿದರೆ ಆಮೇಲೆ ಕಾಲೇಜು, ಕಾಲೇಜು ಬಿಟ್ಟರೆ ಟ್ಯೂಷನ್, ಅದು ಮುಗಿದರೆ ಸಿಇಟಿ, ನೀಟ್ ಎಂದು ನಡುರಾತ್ರಿಯವರೆಗೆ ಮತ್ತೆ ಪುಸ್ತಕ. ಅವನು ಒಂದು ಸಂಜೆ ಮೂರ್ನಾಲ್ಕು ಗೆಳೆಯರೊಡನೆ ಉಳ್ಳಾಲದ ಕಡಲ ತೀರಕ್ಕೆ ಹೋಗಿ, ನಕ್ಕು ಹರಟಿ ಬಂದನೆನ್ನಿ. ಉಪ್ಪ ಬಾಗಿಲಲ್ಲೇ ಕಾದಿರುತ್ತಾರೆ. ಸಮಯವು ಅಲ್ಲಾಹನು ಕೊಟ್ಟ ಅಮಾನತ್ತು, ಅದನ್ನು ಪೋಲು ಮಾಡಿದವನು ನಾಳೆ ಉತ್ತರ ಹೇಳಬೇಕು ಎಂಬ ಉಪದೇಶ ಆರಂಭವಾಗುತ್ತದೆ.

ಸಮಯ ಅಮಾನತ್ತು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಶರೀರ? ಮನಸ್ಸು? ಅವೂ ಅಮಾನತ್ತುಗಳೇ ಅಲ್ಲವೇ?

ಸಹೀಹ್ ಮುಸ್ಲಿಮ್‌ನಲ್ಲಿರುವ ಹಂಝಲಾ(ರ)ರ ಪ್ರಸಂಗವನ್ನು ತಾವು ಕೇಳಿರಬಹುದು. ಅವರು ಪ್ರವಾದಿ(ಸ)ರವರ ಲಿಪಿಕಾರರಲ್ಲೊಬ್ಬರು. ಒಮ್ಮೆ ಹಝ್ರತ್ ಅಬೂಬಕರ್(ರ) ಎದುರಾದಾಗ, ಹಂಝಲಾ ಕಪಟಿಯಾಗಿಬಿಟ್ಟ ಎಂದು ತಮ್ಮ ಬಗ್ಗೆ ತಾವೇ ಹೇಳಿಕೊಂಡರು. ಪ್ರವಾದಿ(ಸ)ರವರ ಸನ್ನಿಧಿಯಲ್ಲಿದ್ದಾಗ ಸ್ವರ್ಗ ನರಕಗಳು ಕಣ್ಣೆದುರಿಗೇ ಇದ್ದಂತೆ ತೋರುತ್ತವೆ, ಮನೆಗೆ ಮರಳಿ ಮಡದಿ ಮಕ್ಕಳು, ಬದುಕಿನ ವ್ಯವಹಾರದಲ್ಲಿ ಬೆರೆತಾಗ ಬಹಳಷ್ಟು ಮರೆತುಹೋಗುತ್ತದೆ ಎಂಬುದೇ ಅವರ ಸಂಕಟ. ತಮ್ಮ ಸ್ಥಿತಿಯೂ ಅದೇ ಎಂದರು ಅಬೂಬಕರ್(ರ)! ಇಬ್ಬರೂ ಪ್ರವಾದಿ(ಸ)ರ ಬಳಿಗೆ ಹೋದರು. ಸದಾ ಆ ಒಂದೇ ಸ್ಥಿತಿಯಲ್ಲಿದ್ದರೆ ಮಲಕ್‌ಗಳೇ ದಾರಿಯಲ್ಲಿ ನಿಮ್ಮ ಕೈ ಕುಲುಕುತ್ತಿದ್ದರು, ಆದರೆ ಒಂದು ಗಳಿಗೆ ಅದಕ್ಕೆ, ಒಂದು ಗಳಿಗೆ ಇದಕ್ಕೆ ಎಂದು ಅವರು ಸಮಾಧಾನ ಹೇಳಿದರು. ಅದನ್ನು ಮೂರು ಸಲ ಹೇಳಿದರು.

ಪರಲೋಕದ ಸ್ಮರಣೆಯ ವಿಷಯದಲ್ಲೇ ಸಹಾಬಿಗಳಿಗೆ ಸಿಕ್ಕಿದ ಈ ರಿಯಾಯಿತಿಯನ್ನು ಭೌತಶಾಸ್ತ್ರದ ಪುಸ್ತಕದ ವಿಷಯದಲ್ಲಿ ಹದಿನೇಳು ವರ್ಷದ ಹುಡುಗನಿಗೆ ನಾವು ನಿರಾಕರಿಸುತ್ತೇವೆ. ಯಾವ ಆಧಾರದಿಂದ?

2022ರಲ್ಲಿ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿ ಹೇಳುತ್ತದೆ. ಎಲ್ಲಕ್ಕೂ ಪರೀಕ್ಷೆಯೇ ಕಾರಣವಲ್ಲ, ನಿಜ. ಆದರೂ ಮಕ್ಕಳ ಮನಸ್ಸಿನ ಭಾರವನ್ನು ಸೋಮಾರಿತನವೆಂದು ತಳ್ಳಿಹಾಕುವವರು ಈ ಸಂಖ್ಯೆಯನ್ನೊಮ್ಮೆ ನೋಡಬೇಕು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಅಪಾಯವಿದೆ. ಕೇಳಿದರೆ ಬೈಗುಳವೇ ಎಂದು ಖಚಿತವಾದ ಹುಡುಗ ಕೇಳುವುದನ್ನೇ ಬಿಡುತ್ತಾನೆ. "ಸ್ಪೆಷಲ್ ಕ್ಲಾಸ್ ಇದೆ ಉಮ್ಮಾ" ಎಂದು ಹೇಳಿ ತೀರಕ್ಕೆ ಹೋಗುತ್ತಾನೆ. ತೆರೆ ಎಣಿಸಿದ್ದು ಪಾಪವಲ್ಲ, ಈ ಸುಳ್ಳು ಪಾಪ. ಸುಳ್ಳಿಗೆ ಹುಡುಗನೇ ಹೊಣೆ, ಆದರೆ ಅನುಮತಿಯ ಬಾಗಿಲಿಗೆ ಬೀಗ ಹಾಕಿದವರಿಗೆ ಅದರಲ್ಲಿ ಪಾಲೇ ಇಲ್ಲವೇ? ಹಲಾಲ್ ಆಗಿದ್ದ ಒಂದು ತಾಸನ್ನು ನಾವೇ ಕಳ್ಳ ತಾಸಾಗಿ ಮಾಡಿದೆವು. ಹೀಗೆ ಕಲಿತ ಸುಳ್ಳು ಪಿಯುಸಿಯ ಜೊತೆಗೇ ಮುಗಿಯುವುದಿಲ್ಲ.

ಹಾಗೆಂದು ಎಲ್ಲ ತಿರುಗಾಟವೂ ಬಿಡುವಲ್ಲ. ಕಸ್ತೂರಿ ಮಾರುವವನ ಮತ್ತು ತಿದಿ ಊದುವ ಕಮ್ಮಾರನ ಉಪಮೆಯನ್ನು ಪ್ರವಾದಿ(ಸ) ಕೊಟ್ಟಿದ್ದು ಗೆಳೆತನದ ಬಗ್ಗೆಯೇ. ಅಸರ್, ಮಗ್ರಿಬ್ ಎರಡನ್ನೂ ನುಂಗಿ ಬೈಕಿನ ಸದ್ದಿನಲ್ಲಿ ಕಳೆದ ಸಂಜೆಯಿಂದ ಮನಸ್ಸು ಹಗುರವಾಗದು. ಕೋಣೆಯ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ಬೆರಳಾಡಿಸುವುದೂ ವಿಶ್ರಾಂತಿಯಲ್ಲ ಎಂದೇ ನನ್ನ ಅಭಿಪ್ರಾಯ. ಅಲ್ಲಿ ಮಾತಾಡಿಸುವ ಗೆಳೆಯನಿಲ್ಲ. (ಮಳೆಗಾಲದಲ್ಲಿ ಕಡಲಿಗಿಳಿಯುವ ಸಾಹಸವಂತೂ ಬೇಡವೇ ಬೇಡ.) ಬಿಡುವಾದಾಗ ಮತ್ತೆ ಶ್ರಮಕ್ಕೆ ತೊಡಗುವಂತೆ ಕುರ್‌ಆನಿನ ಅಶ್ಶರ್‌ಹ್ ಅಧ್ಯಾಯವು ಆದೇಶಿಸುತ್ತದೆ. ತೀರದಿಂದ ಮರಳಿದವನಿಗೆ ಪುಸ್ತಕ ಮೊದಲಿಗಿಂತ ಹತ್ತಿರವಾಗಿದ್ದರೆ ಆ ಸಂಜೆ ಪೋಲಾಗಿಲ್ಲ.

ಇಷ್ಟೆಲ್ಲ ಮಗನ ಬಗ್ಗೆಯೇ ಆಯಿತು. ಅದೇ ಮನೆಯಲ್ಲಿ, ಅದೇ ಪರೀಕ್ಷೆಗೆ ಓದುವ ಮಗಳೂ ಇರುತ್ತಾಳೆ. ಅವಳ ಬಿಡುವು ಎಂದರೆ ಅಡಿಗೆಮನೆಯ ಪಾತ್ರೆ! ಮಸೀದಿಯಲ್ಲಿ ಹಬಶಿಗಳು ಈಟಿಯಾಟ ಆಡುತ್ತಿದ್ದಾಗ ಪ್ರವಾದಿ(ಸ) ಹಝ್ರತ್ ಆಯಿಶಾ(ರ)ರನ್ನು ತಮ್ಮ ಹಿಂದೆ ನಿಲ್ಲಿಸಿಕೊಂಡು ತೋರಿಸಿದರು, ಸ್ವತಃ ಅವರಿಗೇ ಸಾಕೆನಿಸುವವರೆಗೂ ನಿಂತರು ಎಂದು ಬುಖಾರಿಯಲ್ಲಿದೆ. ನಿಲ್ಲಿಸುವ ಅವಸರ ಪ್ರವಾದಿ(ಸ)ರಿಗಿರಲಿಲ್ಲ. ಮಗಳ ಗೆಳತಿಯರು ಒಂದು ಸಂಜೆ ತಮ್ಮ ಮನೆಯ ಜಗಲಿಯಲ್ಲಿ ಕುಳಿತು ಮನಸಾರೆ ನಗಲು ಎಷ್ಟು ಖರ್ಚಾದೀತು? ನಾಲ್ಕು ಲೋಟ ಚಹಾ, ಒಂದಿಷ್ಟು ಪೋಡಿ.